ಬೋಧನೆಗೆ ಕಛೇರಿಯೋ, ಕಡತಕ್ಕೆ ಕಛೇರಿಯೋ?

ಸೇಡಂ ತಾಲೂಕಿನ ಮುಧೋಳವು (ವಾಚಕರು ಇದನ್ನು ರನ್ನಕವಿಯ ಹೆಸರಿನೊಡನೆ ಕೂಡಿಬರುವ ಬಾಗಲಕೋಟೆ ಸೀಮೆಯ ಮುಧೋಳವೆಂದು ತಿಳಿಯಬಾರದು) ತೆಲಂಗಾಣದ ಗಡಿಯ ಬದಿಯಲ್ಲಿರುವ ಒಂದು ಹೋಬಳಿಯ ಊರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಜ್ಜನ ಕಾಲದ ಜಮೀನಿನ ಕಾಗದಗಳಲ್ಲಿ ಉರ್ದು, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷು. ಹೀಗೆ ನಾಲ್ಕು ನುಡಿಗಳ ನಡುವೆ ಬೆಳೆದ ಹುಡುಗನೋ ಹುಡುಗಿಯೋ ಬೆಳಗಿನ ಬಸ್ಸನ್ನು ಹಿಡಿದು ಸೇಡಮ್ಮಿಗೋ ಕಲಬುರಗಿಗೋ ಪದವಿಯ ತರಗತಿಗೆಂದು ಹೊರಡುವದುಂಟು. ಆ ಮಗುವು ತರಗತಿಯಲ್ಲಿ ಕೂತು ಕೇಳಿದ್ದರಲ್ಲಿ ಎಷ್ಟು ತಿಳಿಯಿತು, ತಿಳಿಯದಿದ್ದರೆ ಏಕೆ ತಿಳಿಯಲಿಲ್ಲ, ತಿಳಿಯುವಂತೆ ಹೇಳಲು ಆ ಉಪನ್ಯಾಸಕರಿಗೆ ಯಾರಾದರೂ ನೆರವಾದರೇ ಎಂಬ ಪ್ರಶ್ನೆಗಳನ್ನು ವಿಶ್ವವಿದ್ಯಾಲಯದಲ್ಲಿ ಕೇಳತಕ್ಕ ಕಛೇರಿ ಯಾವದು? ಇಂದು ನಾವು ಎತ್ತಿಕೊಂಡಿರುವ ವಿಷಯವು ಇದೇ ಆಗಿರುತ್ತದೆ.

ವಿಷಯವು ಸಣ್ಣದೆಂದು ಯಾರೂ ಭಾವಿಸದಿರಲಿ. ೨೦೨೫ರ ಹತ್ತನೆಯ ತರಗತಿಯ ಮೊದಲನೆಯ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ನೂರಕ್ಕೆ ೯೧.೧೨ರಂತೆ ತೇರ್ಗಡೆಯಾಗಿ ಮೊದಲನೆಯದಾಯಿತು. ಕಲಬುರಗಿ ಜಿಲ್ಲೆಯು ನೂರಕ್ಕೆ ೪೨.೪೩ರಂತೆ ಕಟ್ಟಕಡೆಯದಾಯಿತು. ಒಂದೇ ರಾಜ್ಯ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಪಠ್ಯಪುಸ್ತಕ! ಈ ಅಂತರವನ್ನು ದಾಟಿ, ಅದರ ಮೇಲೆ ಪದವಿಪೂರ್ವದ ಎರಡು ವರ್ಷಗಳನ್ನೂ ದಾಟಿ, ಕಾಲೇಜಿನ ಬಾಗಿಲಿಗೆ ಬಂದು ನಿಂತವರು ನಮ್ಮ ಸೀಮೆಯಲ್ಲಿ ಹರಿಗೋಲಿಲ್ಲದೆ ಹೊಳೆ ದಾಟಿ ಬಂದವರೇ ಸರಿ. ಅಂಥವರನ್ನು ಒಳಗೆ ಕರೆದುಕೊಂಡ ಮೇಲೆ ಬೋಧನೆಯ ಕೊರತೆಯಿಂದ ಕಳೆದುಕೊಳ್ಳುವದೆಂದರೆ ಅದು ವಿದ್ಯಾರ್ಥಿಯ ಸೋಲಲ್ಲ, ವಿಶ್ವವಿದ್ಯಾಲಯದ ಸೋಲು.

ಕಛೇರಿಯೇನೋ ಇದೆ. ೧೯೯೪ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ರಾಷ್ಟ್ರೀಯ ಮೌಲ್ಯಮಾಪನ ಹಾಗೂ ಮಾನ್ಯತಾ ಪರಿಷತ್ತನ್ನು, ಅಂದರೆ ಜನರು ನ್ಯಾಕ್ ಎಂದು ಕರೆಯುವ ಸಂಸ್ಥೆಯನ್ನು, ಸ್ಥಾಪಿಸಿತು. ಅದರ ಮುಖ್ಯ ಕಛೇರಿಯು ನಮ್ಮ ಬೆಂಗಳೂರಿನಲ್ಲಿಯೇ ಇರುವದು. ಆ ಪರಿಷತ್ತಿನ ಸೂಚನೆಯಂತೆ ಮಾನ್ಯತೆ ಪಡೆದ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲಿಯೂ ಕಾಲೇಜಿನಲ್ಲಿಯೂ ‘ಆಂತರಿಕ ಗುಣಮಟ್ಟ ಭರವಸಾ ಕೋಶ’ವೆಂಬ ಉದ್ದ ಹೆಸರಿನ ಒಂದು ವಿಭಾಗವು ಏರ್ಪಟ್ಟಿದೆ. ಬೋಧನೆಯ ರೀತಿಯನ್ನು ಉತ್ತಮಪಡಿಸುವದು, ಪಠ್ಯಕ್ರಮಗಳ ಬೆಳವಣಿಗೆಗೆ ನೆರವಾಗುವದು, ವಿದ್ಯಾರ್ಥಿಗಳ ಅಭಿಪ್ರಾಯವನ್ನು ಕೇಳಿ ತಿದ್ದಿಕೊಳ್ಳುವದು ಇವೇ ಅದರ ಕರ್ತವ್ಯಗಳೆಂದು ಕಾಗದದ ಮೇಲೆ ಬರೆದಿದೆ. ಬರೆದದ್ದರಲ್ಲಿ ನಮಗೆ ಯಾವ ತಕರಾರೂ ಇಲ್ಲ. ಬರೆದದ್ದು ನಡೆಯುತ್ತದೆಯೋ ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಮೊದಲು ಗಂಟಲು ಸರಿಪಡಿಸಿಕೊಳ್ಳುತ್ತಾರೆ.

ರಾಜ್ಯದ ಅನೇಕ ಕಾಲೇಜುಗಳಲ್ಲಿ ಈ ಕೋಶದ ವರ್ಷವು ಹೇಗೆ ಕಳೆಯುತ್ತದೆಂಬುದನ್ನು ಬಲ್ಲವರು ಬಲ್ಲರು. ವಾರ್ಷಿಕ ವರದಿಯ ಕಲಮುಗಳನ್ನು ತುಂಬಬೇಕು. ನಡೆದ ಉಪನ್ಯಾಸಕ್ಕೂ ನೆಟ್ಟ ಗಿಡಕ್ಕೂ ಸ್ಥಳಗುರುತು ಬಿದ್ದಿರುವ ಛಾಯಾಚಿತ್ರ ಬೇಕು. ಪ್ರಮಾಣಪತ್ರಗಳ ಪ್ರತಿಗಳು ಬೇಕು. ವಿದ್ಯಾರ್ಥಿಗಳು ಗುರುತು ಹಾಕಿದ ತೃಪ್ತಿಪತ್ರಗಳ ಕಟ್ಟು ಬೇಕು. ಪರಿಶೀಲನಾ ಮಂಡಲಿಯು ಬರುವ ವರ್ಷವಾದರಂತೂ ಗೋಡೆಗೆ ಸುಣ್ಣ, ಅಂಗಳಕ್ಕೆ ರಂಗವಲ್ಲಿ, ಉಪನ್ಯಾಸಕರಿಗೆ ರಾತ್ರಿ ಹತ್ತರವರೆಗೂ ಕಡತಗಳ ಸೇವೆ. ಪಾಠ ಹೇಳುವದರಲ್ಲಿ ನಿಪುಣರಾದವರೇ ಬರವಣಿಗೆಯಲ್ಲಿಯೂ ಚುರುಕಾಗಿರುವದರಿಂದ ಅವರನ್ನೇ ಈ ಕೆಲಸಕ್ಕೆ ಎಳೆಯುವದು ರೂಢಿ. ಬೋಧನೆಯ ಗುಣವನ್ನು ಹೆಚ್ಚಿಸುವ ಕಛೇರಿಯು ಮೊದಲು ಮಾಡುವ ಕೆಲಸವೆಂದರೆ ಒಳ್ಳೆಯ ಬೋಧಕನನ್ನು ತರಗತಿಯಿಂದ ಎಬ್ಬಿಸಿಕೊಂಡು ಹೋಗುವದು! ದರ್ಜೆಯ ಈ ಹಂಬಲವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ೨೦೨೫ರ ಫೆಬ್ರುವರಿಯಲ್ಲಿ ಕೇಂದ್ರ ತನಿಖಾ ದಳವು ಆಂಧ್ರದ ಒಂದು ವಿದ್ಯಾಸಂಸ್ಥೆಗೆ ಉತ್ತಮ ದರ್ಜೆ ಕೊಡುವದಕ್ಕಾಗಿ ಲಂಚ ನಡೆಯಿತೆಂಬ ಆರೋಪದ ಮೇಲೆ ಪರಿಶೀಲನಾ ಮಂಡಲಿಯ ಸದಸ್ಯರೂ ಸೇರಿದಂತೆ ಹಲವರನ್ನು ಬಂಧಿಸಿದ್ದೇ ಸಾಕ್ಷಿ. ಆರೋಪದ ನಿಜವನ್ನು ನ್ಯಾಯಾಲಯವು ನೋಡಿಕೊಳ್ಳಲಿ. ಅಕ್ಷರಗಳ ದರ್ಜೆಗೆ ಇಷ್ಟು ಬೆಲೆ ಬಂದ ಕಾಲದಲ್ಲಿ ಅಕ್ಷರ ಕಲಿಸುವವನ ಬೆಲೆ ಎಷ್ಟೆಂಬುದೇ ನಮ್ಮ ಚಿಂತೆ.

ಈ ಸೀಮೆಯ ಜನರಿಗೆ ವಿದ್ಯಾಸ್ಥಾನವೆಂದರೆ ಹೇಗಿರಬೇಕೆಂಬುದನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನದ ಏರ್ಪಾಡನ್ನು ಹೇಳುತ್ತದೆ. ವೇದಾಧ್ಯಯನಕ್ಕೆ ಇನ್ನೂರು ಮಂದಿ, ಶಾಸ್ತ್ರಾಧ್ಯಯನಕ್ಕೆ ಐವತ್ತರಷ್ಟು ಮಂದಿ ವಿದ್ಯಾರ್ಥಿಗಳು. ವೇದಕ್ಕೆ ಬೇರೆ ಉಪಾಧ್ಯಾಯರು, ಶಾಸ್ತ್ರಕ್ಕೆ ಬೇರೆ. ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕಗಳನ್ನು ಕಾಯುವವರು. ಇವರ ಜೀವನೋಪಾಯಕ್ಕೆ ಭೂಮಿಯನ್ನೂ ಬಿಟ್ಟಿತ್ತು. ಅಂದಿನ ವಿದ್ಯೆಯು ಎಲ್ಲ ಜಾತಿಗಳಿಗೂ ತೆರೆದಿರಲಿಲ್ಲವೆಂಬ ದೊಡ್ಡ ದೋಷವನ್ನು ನಾವು ಮರೆಮಾಚುವದಿಲ್ಲ. ಆದರೆ ಆ ದಾನಿಗಳು ಒಂದನ್ನು ಅರಿತಿದ್ದರು: ಕಲಿಸುವವನಿಗೆ ಅನ್ನದ ಚಿಂತೆ ಇರಬಾರದು, ಅವನ ಕೈಗೆ ಗ್ರಂಥವು ಸಿಕ್ಕಬೇಕು, ಗ್ರಂಥವನ್ನು ಕೈಗೆ ಕೊಡುವದಕ್ಕೆ ಬೇರೊಬ್ಬನು ಇರಬೇಕು. ಸುಮಾರು ಇನ್ನೂರೈವತ್ತು ವಿದ್ಯಾರ್ಥಿಗಳಿಗೆ ಆರು ಮಂದಿ ಭಂಡಾರಿಗರು! ಇಂದು ನಮ್ಮ ಪದವಿ ಕಾಲೇಜುಗಳಲ್ಲಿ ಸಾವಿರ ಮಂದಿಗೆ ಒಬ್ಬ ಗ್ರಂಥಪಾಲನಿದ್ದರೆ ಅದು ಪುಣ್ಯದ ಫಲವೆಂದೇ ಹೇಳಬೇಕು.

ಇನ್ನೊಂದು ನಿದರ್ಶನವು ಹತ್ತಿರದ ಕಾಲದ್ದು. ೧೯೪೮ರ ಸೆಪ್ಟೆಂಬರದವರೆಗೆ ಈ ಭಾಗವು ನಿಜಾಮರ ರಾಜ್ಯದಲ್ಲಿತ್ತು. ಆ ರಾಜ್ಯದ ಉಸ್ಮಾನಿಯಾ ವಿಶ್ವವಿದ್ಯಾಲಯವು ೧೯೧೮ರಲ್ಲಿ ಸ್ಥಾಪಿತವಾಯಿತು. ಬೋಧನೆಯ ಮಾಧ್ಯಮ ಉರ್ದು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಜನರ ಮೇಲೆ ಆಳುವವರ ನುಡಿಯನ್ನು ಹೇರಿದ ನೀತಿಯನ್ನು ನಾವು ಎಂದೂ ಒಪ್ಪಲಾರೆವು. ಆದರೆ ಹಗೆಯಲ್ಲಿಯೂ ಇರುವ ಜಾಣತನವನ್ನು ಕಂಡರೆ ಕಲಿಯಬೇಕು. ವಿಶ್ವವಿದ್ಯಾಲಯದ ಬಾಗಿಲು ತೆರೆಯುವ ಮೊದಲೇ, ೧೯೧೭ರಲ್ಲಿ, ಅವರು ಭಾಷಾಂತರದ ಒಂದು ಕಛೇರಿಯನ್ನು ತೆರೆದು, ವಿದ್ವಾಂಸರನ್ನು ಕೂಡಿಸಿ, ಪಾರಿಭಾಷಿಕ ಪದಗಳನ್ನು ಮಾಡಿಸಿ, ಪಾಠಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಿಕೊಂಡರು. ಮೊದಲು ಉಪಾಧ್ಯಾಯನ ಕೈಗೆ ಸಾಧನ. ಆಮೇಲೆ ಗಂಟೆ ಬಾರಿಸುವದು. ಸ್ವತಂತ್ರರಾದ ನಾವು ಗಂಟೆಯನ್ನು ಮೊದಲು ಬಾರಿಸಿ, ಸಾಧನವನ್ನು ಮುಂದಿನ ವರ್ಷಕ್ಕೆ ಬಿಡುವದನ್ನು ಪದ್ಧತಿಯನ್ನಾಗಿ ಮಾಡಿಕೊಂಡಿದ್ದೇವೆ.

ಇದು ಬರಿಯ ಕುಹಕವಲ್ಲವೆಂಬುದಕ್ಕೆ ಕಳೆದ ಕೆಲವು ವರ್ಷಗಳ ಪಠ್ಯಕ್ರಮದ ಇತಿಹಾಸವನ್ನು ನೋಡಿರಿ. ೨೦೨೧ರ ಆಗಸ್ಟಿನಲ್ಲಿ ನಮ್ಮ ರಾಜ್ಯವು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದೆವೆಂಬ ಹೆಮ್ಮೆಯಿಂದ ಪದವಿಯನ್ನು ನಾಲ್ಕು ವರ್ಷಗಳಿಗೆ ಏರಿಸಿತು. ೨೦೨೪ರ ಮೇ ತಿಂಗಳಲ್ಲಿ, ಬೇರೆ ಸರಕಾರವು ಬಂದಿರಲಾಗಿ, ಪ್ರೊಫೆಸರ ಸುಖದೇವ ಥೋರಾಟರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಹಿಡಿದು, ಪದವಿಯು ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಎರಡು ನೀತಿಗಳಲ್ಲಿ ಯಾವದು ಮೇಲೆಂಬ ವಾದಕ್ಕೆ ನಾವು ಈ ದಿನ ಇಳಿಯುವದಿಲ್ಲ. ನಾವು ಕೇಳುವದು, ನೀತಿಯ ಏರಿಳಿತದಲ್ಲಿ ಉಪನ್ಯಾಸಕನ ಪಾಡೇನೆಂದು. ೨೦೨೪-೨೫ರಲ್ಲಿ ಒಂದೇ ಕಾಲೇಜಿನ ಮೊದಲನೆಯ ವರ್ಷದವರಿಗೆ ಒಂದು ಪಠ್ಯಕ್ರಮ, ಎರಡನೆಯ ಮೂರನೆಯ ವರ್ಷದವರಿಗೆ ಇನ್ನೊಂದು. ವಿಷಯಗಳ ಜೋಡಣೆ ಬದಲು, ಅಂಕಗಳ ಹಂಚಿಕೆ ಬದಲು, ಪ್ರಶ್ನೆಪತ್ರಿಕೆಯ ಮಾದರಿ ಬದಲು. ಇಂಥ ಹೊತ್ತಿನಲ್ಲಿಯೇ ವಿಶ್ವವಿದ್ಯಾಲಯದ ಬೋಧನಾ ಬೆಂಬಲದ ಕಛೇರಿಯು ಕಾಲೇಜು ಕಾಲೇಜಿಗೆ ಹೋಗಿ, ಇದು ಹೊಸದು, ಇದನ್ನು ಹೀಗೆ ಹೇಳಿರಿ, ಇದಕ್ಕೆ ಈ ಪುಸ್ತಕ ಎಂದು ಕೈಹಿಡಿದು ನಡೆಸಬೇಕಾಗಿತ್ತು. ಸುತ್ತೋಲೆಯು ಬಂತು, ಮನುಷ್ಯನು ಬರಲಿಲ್ಲ.

ಕೈಹಿಡಿಯಬೇಕಾದದ್ದು ಯಾರ ಕೈಯನ್ನು? ಈ ಪ್ರಶ್ನೆಯಲ್ಲಿ ನಮ್ಮ ವ್ಯವಸ್ಥೆಯ ಹುಣ್ಣು ಅಡಗಿದೆ. ರಾಜ್ಯದ ಸರಕಾರೀ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಮಿಕ್ಕ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದುಬಂದಿವೆ. ಅತಿಥಿಯೆಂಬುದು ನಮ್ಮ ನುಡಿಯಲ್ಲಿ ಗೌರವದ ಮಾತು. ಈ ಅತಿಥಿಗೆ ಮಾತ್ರ ಉಳಿದುಕೊಳ್ಳುವ ಭರವಸೆಯಿಲ್ಲ. ೨೦೨೩ರ ನವೆಂಬರದಿಂದ ಇವರು ತರಗತಿಗಳನ್ನು ಬಿಟ್ಟು, ಸೇವೆಯನ್ನು ಖಾಯಂ ಮಾಡಿರೆಂದು ಬೀದಿಗಿಳಿದದ್ದನ್ನು ವಾಚಕರು ಮರೆತಿರಲಾರರು. ಗಡಿಯ ಕಡೆಗೆ ಹೋದಂತೆಲ್ಲ ಇವರ ಮೇಲಿನ ಭಾರವು ಹೆಚ್ಚು. ಇತ್ತ ಅಧ್ಯಾಪಕರ ತರಬೇತಿಗೆಂದು ೧೯೮೭ರಲ್ಲಿ ಆಯೋಗವು ಅಕ್ಯಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ನಮ್ಮ ನಾಡಿನಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಅವು ನೆಲಸಿದವು. ೨೦೧೫ರಲ್ಲಿ ಅವಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವೆಂದು ಮರುನಾಮಕರಣವಾಯಿತು. ೨೦೨೩ರಲ್ಲಿ ಮದನಮೋಹನ ಮಾಲವೀಯರ ಹೆಸರಿನ ಯೋಜನೆಯೊಳಗೆ ಸೇರಿ ಮತ್ತೊಮ್ಮೆ ನಾಮಕರಣವಾಯಿತು. ಹೆಸರು ಮೂರಾದರೂ ಒಂದು ಗುಣವು ಮಾತ್ರ ಬದಲಾಗಲಿಲ್ಲ: ಅಲ್ಲಿಯ ಪ್ರಮಾಣಪತ್ರವು ಬಡ್ತಿಯ ಲೆಕ್ಕಕ್ಕೆ ಬರುವದರಿಂದ, ಬಡ್ತಿಯ ಹಾದಿಯಲ್ಲಿರುವ ಖಾಯಂ ಅಧ್ಯಾಪಕರಿಗೆ ಅದು ಬೇಕಾದದ್ದು. ಬಡ್ತಿಯೇ ಇಲ್ಲದ, ಒಂದು ದಿನ ತಪ್ಪಿದರೆ ಸಂಬಳಕ್ಕೆ ಕತ್ತರಿ ಬೀಳುವ ಅತಿಥಿ ಉಪನ್ಯಾಸಕನು ಯಾವ ಧೈರ್ಯದಿಂದ ಎರಡು ವಾರ ರಜೆ ಪಡೆದು ತರಬೇತಿಗೆ ಹೋದಾನು? ಹೊಟ್ಟೆ ತುಂಬಿದವನಿಗೆ ಹುಗ್ಗಿ ಬಡಿಸಿ, ಹಸಿದವನಿಗೆ ಎಲೆಯನ್ನೂ ಹಾಕದ ಪಂಕ್ತಿ ಇದು.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ೧೯೬೨ರಲ್ಲಿಯೇ ಕಲಿಕೆ ಮತ್ತು ಬೋಧನೆಯ ಸಂಶೋಧನೆಗಾಗಿ ಒಂದು ಕೇಂದ್ರವು ಹುಟ್ಟಿತು. ಆ ದೇಶದಲ್ಲಿ ಇಂಥ ಕೇಂದ್ರಗಳಿಗೆ ಅದೇ ಮೊದಲನೆಯದು. ಪರದೇಶದ್ದೆಲ್ಲ ಹೊನ್ನೆಂದು ಹೇಳುವವರು ನಾವಲ್ಲ. ಆದರೆ ಅಲ್ಲಿಯ ಒಂದು ಕ್ರಮವು ವಿಚಾರಾರ್ಹವಾಗಿದೆ. ಅಧ್ಯಾಪಕನು ತಾನಾಗಿಯೇ ಕರೆದರೆ ಕೇಂದ್ರದವರೊಬ್ಬರು ಅವಧಿಯ ನಡುವೆ ಅವನ ತರಗತಿಗೆ ಬಂದು ಹಿಂದೆ ಕೂತು ಪಾಠವನ್ನು ಕೇಳುವರು. ಆಮೇಲೆ ಅಧ್ಯಾಪಕನನ್ನು ಹೊರಗೆ ಕಳಿಸಿ, ವಿದ್ಯಾರ್ಥಿಗಳೊಡನೆ ಕೆಲಹೊತ್ತು ಮಾತನಾಡಿ, ಯಾವದು ತಿಳಿಯುತ್ತದೆ, ಯಾವದು ತಿಳಿಯುವದಿಲ್ಲವೆಂದು ಕೇಳಿಕೊಳ್ಳುವರು. ಕೇಳಿದ್ದನ್ನು ಅಧ್ಯಾಪಕನೊಬ್ಬನಿಗೇ ಹೇಳುವರು. ಮೇಲಧಿಕಾರಿಗೆ ಹೇಳುವದಿಲ್ಲ, ಬಡ್ತಿಯ ಕಡತಕ್ಕೆ ಸೇರಿಸುವದಿಲ್ಲ. ಇದರಲ್ಲಿಯೇ ಅದರ ಶಕ್ತಿ ಇರುವದು. ಪರೀಕ್ಷಿಸಲು ಬಂದವನ ಮುಂದೆ ಯಾವ ಅಧ್ಯಾಪಕನೂ ತನ್ನ ಕುಂದನ್ನು ತೋರಿಸುವದಿಲ್ಲ. ನೆರವಾಗಲು ಬಂದವನ ಮುಂದೆ ತೋರಿಸುವನು. ನಮ್ಮ ಕೋಶಗಳು ಇವೆರಡು ಕೆಲಸಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡಿರುವದರಿಂದ ಮೊದಲನೆಯದು ಎರಡನೆಯದನ್ನು ನುಂಗಿಬಿಟ್ಟಿದೆ. ದರ್ಜೆಯ ವರದಿ ಬರೆಯುವ ಗುಮಾಸ್ತೆಯ ಕೆಲಸವನ್ನೂ ಬೋಧನೆಗೆ ನೆರವಾಗುವ ಕೆಲಸವನ್ನೂ ಬೇರೆಬೇರೆ ಮಾಡದ ಹೊರತು ಈ ರೋಗಕ್ಕೆ ಮದ್ದಿಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಈ ಕೆಲಸವು ಮೀರಿದ್ದೇನೂ ಅಲ್ಲ. ೧೯೭೦ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊಳೆತು ೧೯೮೦ರಲ್ಲಿ ಸ್ವತಂತ್ರವಾದ ಈ ಸಂಸ್ಥೆಯು ಒಂದು ಕಾಲಕ್ಕೆ ಬೀದರದಿಂದ ಬಳ್ಳಾರಿಯವರೆಗೆ ಹಬ್ಬಿದ್ದ ಕಾಲೇಜುಗಳನ್ನು ನೋಡಿಕೊಳ್ಳಬೇಕಾಗಿತ್ತು. ಬಳ್ಳಾರಿ, ರಾಯಚೂರು, ಬೀದರಗಳಲ್ಲಿ ಬೇರೆ ವಿಶ್ವವಿದ್ಯಾಲಯಗಳು ಹುಟ್ಟಿದ ಮೇಲೆ ಅದರ ಸೀಮೆಯು ಕಿರಿದಾಗಿದೆ. ಕಿರಿದಾದದ್ದಕ್ಕೆ ಮರುಗುವವರುಂಟು, ನಾವು ಇದನ್ನು ಅನುಕೂಲವೆಂದೇ ಎಣಿಸುತ್ತೇವೆ. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿಗಳ ಕಾಲೇಜುಗಳಿಗೆ ಹೋಗಿ ಸಂಜೆಗೆ ಹಿಂದಿರುಗಿ ಬರಬಹುದಾದಷ್ಟು ದೂರ. ದೂರದ ನೆಪವು ಇನ್ನು ಉಳಿಯಲಿಲ್ಲ.

ಹೋಗಿ ಮಾಡತಕ್ಕದ್ದೇನು? ಮೊದಲನೆಯದಾಗಿ ತಮ್ಮಲ್ಲಿಯೇ ಇರುವ ಒಂದು ನಿಧಿಯನ್ನು ತೆರೆದು ನೋಡಲಿ. ಪ್ರತಿ ಸೆಮಿಸ್ಟರಿನ ಕೊನೆಗೆ ಮೌಲ್ಯಮಾಪನ ಕುಲಸಚಿವರ ಕೈಗೆ ರಾಶಿ ರಾಶಿ ಉತ್ತರಪತ್ರಿಕೆಗಳು ಬಂದು ಬೀಳುತ್ತವೆ. ಅಂಕ ಹಾಕಿದ್ದಾಯಿತು, ಫಲಿತಾಂಶ ಹೊರಟಿತು, ಅವಧಿ ಮುಗಿದ ಮೇಲೆ ಪತ್ರಿಕೆಗಳು ರದ್ದಿಗೆ ಹೋದವು. ಬೋಧನೆಯ ಬಗ್ಗೆ ಇದಕ್ಕಿಂತ ನಿಜವಾದ ಸಾಕ್ಷ್ಯವು ಬೇರೆ ಎಲ್ಲಿದೆ? ತೃಪ್ತಿಪತ್ರದಲ್ಲಿ ವಿದ್ಯಾರ್ಥಿಯು ‘ಅತ್ಯುತ್ತಮ’ವೆಂದು ಗುರುತು ಹಾಕಿದ ಪಾಠದ ಮೇಲೆಯೇ ಉತ್ತರಪತ್ರಿಕೆಯಲ್ಲಿ ಒಂದು ಸಾಲನ್ನೂ ಬರೆಯಲಾರದೆ ಹೋಗಿರಬಹುದು. ಯಾವ ಪ್ರಶ್ನೆಯನ್ನು ನೂರರಲ್ಲಿ ತೊಂಬತ್ತು ಮಂದಿ ಬಿಟ್ಟರು, ಯಾವದಕ್ಕೆ ಮಾರ್ಗದರ್ಶಿಯ ವಾಕ್ಯವನ್ನೇ ಬಾಯಿಪಾಠ ಮಾಡಿ ಇಳಿಸಿದರು, ಯಾವ ಪಾರಿಭಾಷಿಕ ಪದವನ್ನು ತಲೆಕೆಳಗಾಗಿ ತಿಳಿದುಕೊಂಡರು ಎಂಬುದನ್ನು ಒಂದೊಂದು ವಿಷಯದಲ್ಲಿ ಇನ್ನೂರು ಪತ್ರಿಕೆಗಳನ್ನು ಹೆಸರು ತೆಗೆದು ಓದಿದರೂ ತಿಳಿಯಬಹುದು. ಓದಿ, ಹತ್ತು ಪುಟದ ಟಿಪ್ಪಣಿ ಬರೆದು, ಪಾಠ ಹೇಳುವವರಿಗೂ ಪಠ್ಯಕ್ರಮ ಮಾಡುವ ಅಧ್ಯಯನ ಮಂಡಳಿಗೂ ಕೊಟ್ಟರೆ, ಬೆಂಗಳೂರಿನಿಂದ ತಜ್ಞರನ್ನು ಕರೆಸಿ ಮಾಡಿಸುವ ಮೂರು ಕಾರ್ಯಾಗಾರಗಳಿಗಿಂತ ಹೆಚ್ಚು ಲಾಭವಾಗುವದು. ಖರ್ಚು ಅಲ್ಪ. ಬೇಕಾದದ್ದು ಓದುವ ಮನಸ್ಸು.

ಎರಡನೆಯ ಮಾತು ನುಡಿಯದು. ನಮ್ಮ ವಿದ್ಯಾರ್ಥಿಯು ಕನ್ನಡದಲ್ಲಿ ಉತ್ತರ ಬರೆಯಬಹುದು; ಆದರೆ ಓದುವದಕ್ಕೆ ಒಳ್ಳೆಯ ಕನ್ನಡ ಪುಸ್ತಕವು ಎಷ್ಟೋ ವಿಷಯಗಳಲ್ಲಿ ಇಲ್ಲ. ಇದ್ದ ಕಡೆಯಲ್ಲಿಯೂ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವೆಂಬ ಶಬ್ದವು ಪುಟದ ತುಂಬ ಕುಳಿತು ಹುಡುಗನನ್ನು ಹೆದರಿಸುತ್ತದೆ. ತೊಗರಿಬೇಳೆಯ ದರವು ಏರಿದರೂ ನಿಮ್ಮ ಮನೆಯಲ್ಲಿ ಬೇಳೆಯನ್ನು ಬಿಡುವದಿಲ್ಲ, ಸ್ವಲ್ಪ ನೀರು ಹೆಚ್ಚು ಹಾಕುತ್ತಾರೆ. ಮಾವಿನ ಹಣ್ಣಿನ ದರವು ಅಷ್ಟೇ ಏರಿದರೆ ಈ ವರ್ಷ ಮಾವು ಬೇಡವೆನ್ನುತ್ತಾರೆ. ಇವೆರಡರ ಅಂತರಕ್ಕೆ ಅರ್ಥಶಾಸ್ತ್ರದಲ್ಲಿ ಈ ಹೆಸರು ಎಂದು ಹೇಳಿದರೆ ತೊಗರಿಯ ಸೀಮೆಯ ಹುಡುಗನಿಗೆ ಅದು ಒಂದು ನಿಮಿಷದ ಪಾಠ. ಇಂಥ ಪಾಠಗಳನ್ನು ಹೇಳುವ ಉಪನ್ಯಾಸಕರು ನಮ್ಮಲ್ಲಿ ಇದ್ದಾರೆ. ಅವರ ಜಾಣ್ಮೆಯು ಅವರ ತರಗತಿಯ ನಾಲ್ಕು ಗೋಡೆಗಳಲ್ಲಿಯೇ ಮುಗಿದುಹೋಗುತ್ತದೆ. ಅದನ್ನು ಕೂಡಿಹಾಕಿ, ತಿದ್ದಿ, ಕಿರುಹೊತ್ತಗೆಗಳನ್ನು ಮಾಡಿ, ವಿಷಯಕ್ಕೊಂದು ಕನ್ನಡ-ಇಂಗ್ಲಿಷು ಪದಪಟ್ಟಿಯನ್ನು ಸೇರಿಸಿ ಹಂಚುವದು ಈ ಕಛೇರಿಯ ಕೆಲಸವಾಗಬೇಕು. ಗುಲಬರ್ಗಾದಲ್ಲಿ ಪ್ರಸಾರಾಂಗವಿದೆ, ಕನ್ನಡ ಅಧ್ಯಯನ ಸಂಸ್ಥೆಯಿದೆ. ೧೯೫೬ರಿಂದ ೧೯೬೦ರವರೆಗೆ ಮೈಸೂರಿನ ಕುಲಪತಿಗಳಾಗಿದ್ದ ಕುವೆಂಪು ಅವರು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗಗಳೆಂದು ವಿಶ್ವವಿದ್ಯಾಲಯವನ್ನು ಮೂರು ಅಂಗಗಳ ಒಂದು ದೇಹವನ್ನಾಗಿ ಕಂಡರು. ಇಂದು ಅಂಗಗಳು ಇವೆ. ಒಂದರ ನೋವು ಇನ್ನೊಂದಕ್ಕೆ ತಿಳಿಯುವದಿಲ್ಲ.

ಹೊಸ ಪಠ್ಯವಿಷಯಗಳ ಬಗ್ಗೆ ಹೆಚ್ಚು ಹೇಳುವದಿಲ್ಲ. ಸೇಡಂ ತಾಲೂಕಿನಲ್ಲಿಯೇ ಮಳಖೇಡವಿದೆ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೇ ಅದು, ಕವಿರಾಜಮಾರ್ಗವು ಹುಟ್ಟಿದ ಅಮೋಘವರ್ಷ ನೃಪತುಂಗನ ಆಸ್ಥಾನವೂ ಅಲ್ಲಿಯದೇ. ಅಲ್ಲಿಯ ಕೋಟೆಯ ನೆರಳಿನಲ್ಲಿ ಬೆಳೆದವನಿಗೆ ಶಾಸನ ಓದುವ ಒಂದು ಕಿರುಶಿಕ್ಷಣವು ದೊರೆಯಲಿ. ಸುತ್ತಲೂ ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಕಾರಖಾನೆ. ಭೂವಿಜ್ಞಾನದ, ರಸಾಯನದ ಪಾಠವು ಆ ಕಲ್ಲಿನಿಂದ ಆರಂಭವಾಗಲಿ. ಊರಿನ ಹೆಸರು ಪಠ್ಯಕ್ರಮದಲ್ಲಿ ಬರುವದರಿಂದ ವಿದ್ಯೆಯ ಮಟ್ಟವು ಇಳಿಯುತ್ತದೆಂದು ಕೆಲವು ಪಂಡಿತರು ಅಂಜುತ್ತಾರೆ. ಅವರ ಅಂಜಿಕೆಗೆ ನಮ್ಮಲ್ಲಿ ಔಷಧವಿಲ್ಲ.

ಹಣವೆಲ್ಲಿದೆಯೆಂದು ಅಧಿಕಾರಿಗಳು ಕೇಳುವರು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ, ೨೦೧೨ರಲ್ಲಿ, ಈ ಸೀಮೆಗೆ ೩೭೧ಜೆ ಕಲಮು ದೊರೆಯಿತು; ವಿದ್ಯಾಸಂಸ್ಥೆಗಳಲ್ಲಿ ಸೀಮೆಯ ಮಕ್ಕಳಿಗೆ ಸ್ಥಾನಗಳೂ, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿಯೂ ಅದರ ಫಲ. ೨೦೨೩-೨೪ರಿಂದ ಮುಂಗಡಪತ್ರಗಳಲ್ಲಿ ಕಲ್ಯಾಣ ಕರ್ನಾಟಕದ ಮಂಡಳಿಗೆ ವರ್ಷಕ್ಕೆ ೫,೦೦೦ ಕೋಟಿ ರೂಪಾಯಿಗಳನ್ನು ಘೋಷಿಸುತ್ತ ಬಂದಿದ್ದಾರೆ. ಅದರಿಂದ ಕಟ್ಟಡಗಳು ಏಳುತ್ತವೆ, ಏಳಲಿ. ಆ ಮೊತ್ತದ ಕೋಟಿಯಲ್ಲಿ ಒಂದೆರಡನ್ನು ಅತಿಥಿ ಉಪನ್ಯಾಸಕರ ತರಬೇತಿಯ ದಿನಭತ್ಯಕ್ಕೂ ಕಿರುಹೊತ್ತಗೆಗಳ ಅಚ್ಚಿಗೂ ತೆಗೆದಿಟ್ಟರೆ ಯಾವ ಗೋಡೆಯೂ ಗಿಡ್ಡವಾಗುವದಿಲ್ಲ. ಸ್ಥಾನಗಳ ಮೀಸಲಾತಿಯು ಮಗುವನ್ನು ಕಾಲೇಜಿನ ಬಾಗಿಲವರೆಗೆ ತಂದು ಬಿಡುವದು. ಒಳಗೆ ಪಾಠವೇ ತಿಳಿಯದಿದ್ದರೆ ಕಲಮು ಏನು ಮಾಡೀತು?

ಇನ್ನೂ ಒಂದು ಆಕ್ಷೇಪವುಂಟು: ಖಾಲಿ ಬಿದ್ದ ಬೋಧಕ ಸ್ಥಾನಗಳನ್ನು ತುಂಬದೆ ಬೋಧನೆಯ ಬೆಂಬಲದ ಮಾತೇಕೆಂದು. ಆಕ್ಷೇಪವು ನ್ಯಾಯವಾದದ್ದು. ಸ್ಥಾನಗಳನ್ನು ತುಂಬುವದು ಸರಕಾರದ ಋಣ. ಅದನ್ನು ತೀರಿಸಿರೆಂದು ನಾವು ಕೇಳುತ್ತಲೇ ಇರುತ್ತೇವೆ. ಆದರೆ ಆ ಋಣವು ತೀರುವವರೆಗೆ ಈ ವರ್ಷದ ವಿದ್ಯಾರ್ಥಿಯು ಮನೆಯಲ್ಲಿ ಕಾಯುತ್ತ ಕೂಡಲಾರನು.

ಆದುದರಿಂದ ವಿಶ್ವವಿದ್ಯಾಲಯದ ಸಿಂಡಿಕೇಟಿನ ಮುಂದೆ ನಮ್ಮ ಬಿನ್ನಹವು ಹೀಗಿರುತ್ತದೆ. ಬರುವ ವರ್ಷದ ಮೊದಲನೆಯ ಸೆಮಿಸ್ಟರಿಗೆ ಮುಂಚೆ ಸೇಡಂ ಪಟ್ಟಣದಲ್ಲಿಯೇ ಒಂದು ವಾರದ ಕೂಟವನ್ನು ಏರ್ಪಡಿಸಿರಿ. ಖಾಯಂ, ಅತಿಥಿಯೆಂಬ ಭೇದವಿಲ್ಲದೆ ಸುತ್ತಿನ ಕಾಲೇಜುಗಳಲ್ಲಿ ಮೊದಲ ವರ್ಷಕ್ಕೆ ಪಾಠ ಹೇಳುವವರನ್ನೆಲ್ಲ ದಿನಭತ್ಯ ಕೊಟ್ಟು ಕರೆಯಿರಿ. ಕಳೆದ ಸಾಲಿನ ಉತ್ತರಪತ್ರಿಕೆಗಳ ಟಿಪ್ಪಣಿಯನ್ನು ಅವರ ಮುಂದಿಡಿರಿ. ಛಾಯಾಚಿತ್ರಗಾರನನ್ನು ಮಾತ್ರ ಕರೆಯಬೇಡಿರಿ. ಮುಧೋಳದ ಮೊದಲನೆಯ ಬಸ್ಸಿನಲ್ಲಿ ಬರುವ ನಾಲ್ವರು ವಿದ್ಯಾರ್ಥಿಗಳನ್ನೂ ಒಂದು ಮಧ್ಯಾಹ್ನ ಕೂಡಿಸಿಕೊಂಡು, ಅವರು ಹೇಳುವದನ್ನು ಒಬ್ಬರು ಕೂತು ಬರೆದುಕೊಳ್ಳಲಿ.